ಹಳೆಯ ಶೋಕೇಸಿನ ಆಶ್‌ಟ್ರೇ, ಟ್ರೇಗಳು: ಅಸಲು ಗುರುತಿಸುವುದು, ಬೆಲೆ ಕಟ್ಟುವುದು ಹೇಗೆ?

ಮೈಸೂರಿನ ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ, ಯಾದವಗಿರಿ, ನಜರಬಾದ್ ಕಡೆಯ ಹಳೆಯ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಹಿರಿಯರು ತೀರಿಕೊಂಡ ಮೇಲೆ ಬೆಂಗಳೂರಿನಿಂದಲೋ ಹೊರದೇಶದಿಂದಲೋ ಮಕ್ಕಳು ಬರುತ್ತಾರೆ. ನಿವೇಶನವನ್ನು ಬಿಲ್ಡರ್‌ಗೆ ಒಪ್ಪಿಸುವ ಮೊದಲು, ಇರುವ ನಾಲ್ಕು ದಿನದ ರಜೆಯಲ್ಲಿ ಎರಡು ತಲೆಮಾರಿನ ಸಂಸಾರವನ್ನು ವಿಲೇವಾರಿ ಮಾಡಬೇಕು. ತೇಗದ ಮಂಚ, ತಾಮ್ರದ ಹಂಡೆ, ಹಿತ್ತಾಳೆಯ ಕೊಳಗಗಳಿಗೆ ಗಿರಾಕಿಗಳಿದ್ದಾರೆ. ಅವುಗಳ ದರ ಎಲ್ಲರಿಗೂ ಗೊತ್ತು. ತಬ್ಬಿಬ್ಬಾಗುವುದು ಹಜಾರದ ಶೋಕೇಸಿನ ಮುಂದೆ ನಿಂತಾಗ. ಅಜ್ಜ ಲಂಡನ್ನಿನಿಂದ ತಂದ ಗಾಜಿನ ಆಶ್‌ಟ್ರೇ, ಯಾರೋ ಅಧಿಕಾರಿ ನಿವೃತ್ತಿಯ ದಿನ ಕೊಟ್ಟ ಬೆಳ್ಳಿ ಬಣ್ಣದ ಟ್ರೇ, ಚಿನ್ನದ ಅಂಚಿನ, ಕುದುರೆಯ ಚಿತ್ರವಿರುವ ಪಿಂಗಾಣಿ ತಟ್ಟೆ. ಮನೆಯಲ್ಲಿ ಸಿಗರೇಟು ಸೇದುವವರು ಯಾರೂ ಉಳಿದಿಲ್ಲ. ಗುಜರಿಯವನ ಚೀಲಕ್ಕೆ ಹಾಕಿಬಿಡುವುದು ಸುಲಭ.

ಅದೇ ಹೊತ್ತಿಗೆ ಮೊಬೈಲ್‌ನಲ್ಲಿ ಹುಡುಕಿದರೆ ಅಂಥದ್ದೇ ಒಂದು ಆಶ್‌ಟ್ರೇಗೆ ನಲವತ್ತು ಸಾವಿರ ರೂಪಾಯಿ ಎಂದು ಬರೆದಿರುತ್ತದೆ. ಆಗ ಮನೆಯಲ್ಲಿರುವುದೆಲ್ಲ ನಿಧಿಯಂತೆ ಕಾಣತೊಡಗುತ್ತದೆ. ಗುಜರಿಗೆ ಹಾಕುವುದೂ ನಿಧಿಯೆಂದು ನಂಬುವುದೂ ಎರಡೂ ನಷ್ಟದ ದಾರಿಗಳೇ. ಇವೆರಡರ ನಡುವೆ ಸತ್ಯವನ್ನು ಕಂಡುಕೊಳ್ಳಲು ಪರಿಣತಿಗಿಂತ ಹೆಚ್ಚಾಗಿ ತಾಳ್ಮೆ, ಒಂದು ಭೂತಗನ್ನಡಿ ಮತ್ತು ಒಂದಿಷ್ಟು ಹಿನ್ನೆಲೆ ಬೇಕು. ಆ ಹಿನ್ನೆಲೆಯನ್ನು ಒದಗಿಸುವುದು ಈ ಲೇಖನದ ಉದ್ದೇಶ.

ಬೂದಿ ಉದುರಿಸುವ ಬಟ್ಟಲಿಗೆ ಇಷ್ಟು ಬೆಲೆ ಏಕೆ?

ಇಪ್ಪತ್ತನೆಯ ಶತಮಾನದ ಬಹುಭಾಗ ಆಶ್‌ಟ್ರೇ ಅತಿಥಿ ಸತ್ಕಾರದ ವಸ್ತುವಾಗಿತ್ತು. ಬಂದವರ ಮುಂದೆ ಕಾಫಿಯ ಟ್ರೇಯ ಜೊತೆಗೇ ಅದನ್ನೂ ಇಡುತ್ತಿದ್ದರು. ಹೀಗಾಗಿ ಯುರೋಪಿನ ಹೆಸರಾಂತ ಪಿಂಗಾಣಿ, ಗಾಜು, ಬೆಳ್ಳಿ ತಯಾರಕರು ಬಹುಮಟ್ಟಿಗೆ ಎಲ್ಲರೂ ಆಶ್‌ಟ್ರೇಗಳನ್ನು ಮಾಡಿದರು. ದೊಡ್ಡ ಹೂದಾನಿಯನ್ನೋ ಪೂರ್ಣ ಊಟದ ಸೆಟ್ಟನ್ನೋ ಕೊಳ್ಳಲಾಗದವರು ಅದೇ ಕಾರ್ಖಾನೆಯ, ಅದೇ ಕುಸುರಿಯ ಒಂದು ಪುಟ್ಟ ವಸ್ತುವನ್ನು ಕೊಳ್ಳಬಹುದಾಗಿತ್ತು. ಊರಿಂದೂರಿಗೆ ಉಡುಗೊರೆಯಾಗಿ ಒಯ್ಯಲೂ ಅನುಕೂಲ. ಮೈಸೂರಿನ ಅಧಿಕಾರಿಗಳು, ವೈದ್ಯರು, ಪ್ರಾಧ್ಯಾಪಕರ ಮನೆಗಳಿಗೆ ಇವು ಬಂದು ಸೇರಿದ್ದು ಹೀಗೆ.

ಆಮೇಲೆ ಕಾಲ ಬದಲಾಯಿತು. ಭಾರತದಲ್ಲಿ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದ್ದಲ್ಲದೆ, ಅಲ್ಲಿ ಆಶ್‌ಟ್ರೇ ಇಡುವುದನ್ನೂ ತಡೆದವು. ಬೇರೆ ದೇಶಗಳಲ್ಲೂ ಇದೇ ಕಥೆ. ಬಳಕೆ ತಗ್ಗಿದಂತೆ ತಯಾರಿಕೆಯೂ ತಗ್ಗಿತು. ಹಳೆಯವು ಸಂಗ್ರಾಹಕರ ಕೈಗೆ ಬಂದವು. ಇಂದು ಅವುಗಳನ್ನು ಕೊಳ್ಳುವವರಲ್ಲಿ ಹಲವರು ಉಂಗುರ, ಕೀಲಿಕೈ, ಕನ್ನಡಕ ಇಡಲು ಬಳಸುತ್ತಾರೆ. ಕೆಲವು ಕಂಪನಿಗಳು ಅದೇ ಅಚ್ಚುಕಟ್ಟಿನ ಪುಟ್ಟ ಟ್ರೇಗಳನ್ನು ‘ಚಿಲ್ಲರೆ ತಟ್ಟೆ’ ಎಂಬ ಅರ್ಥದ ಹೆಸರಿನಲ್ಲಿ ಈಗಲೂ ಮಾರುತ್ತವೆ.

ಇಂಥವನ್ನು ‘ಡಿಸೈನರ್’ ವಸ್ತುಗಳು ಎನ್ನುವುದುಂಟು. ಡಿಸೈನರ್ ವಸ್ತು ಎಂದರೆ ಯಾವ ಸಂಸ್ಥೆ ಅಥವಾ ಯಾವ ಕಲಾವಿದ ರೂಪಿಸಿದ್ದೆಂದು ಹೇಳಲು ಸಾಧ್ಯವಿರುವ ವಸ್ತು, ಅಷ್ಟೇ. ದುಬಾರಿಯಾಗಿ ಕಾಣುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೊದಲು ತಿರುಗಿಸಿ ನೋಡಿ

ಇಂಥ ವಸ್ತು ಕೈಗೆ ಬಂದಾಗ ಎಲ್ಲರೂ ನೋಡುವುದು ಮೇಲ್ಭಾಗದ ಚಿತ್ರವನ್ನು. ಬಲ್ಲವರು ಮೊದಲು ನೋಡುವುದು ತಳವನ್ನು. ಮೈಸೂರಿನ ರೇಷ್ಮೆ ಕಾರ್ಖಾನೆಯ ಸೀರೆಯನ್ನು ಕೊಳ್ಳುವಾಗ ನಾವು ಸೆರಗಿನ ಅಂದವನ್ನು ಮೆಚ್ಚಿದ ಮೇಲೂ ಅಂಚಿನಲ್ಲಿರುವ ಸಂಕೇತ ಸಂಖ್ಯೆಯನ್ನು, ಹೊಲೊಗ್ರಾಮನ್ನು ಹುಡುಕುತ್ತೇವಲ್ಲ, ಆಶ್‌ಟ್ರೇಯ ತಳದ ಮುದ್ರೆ ಮಾಡುವುದು ಅದೇ ಕೆಲಸ.

ತಳದಲ್ಲಿ ದೇಶದ ಹೆಸರಿದ್ದರೆ ಅದೇ ಒಂದು ಸುಳಿವು. ಅಮೆರಿಕದ ಸುಂಕ ಕಾಯ್ದೆಯೊಂದು 1891ರಿಂದ ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯ ಮಾಡಿತು. ಆದ್ದರಿಂದ ‘ಇಂಗ್ಲೆಂಡ್’ ಎಂಬ ಮುದ್ರೆಯಿರುವ ಪಿಂಗಾಣಿ ಸಾಮಾನ್ಯವಾಗಿ ಅದಕ್ಕಿಂತ ಈಚಿನದು. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಬಹುತೇಕ ಇಪ್ಪತ್ತನೆಯ ಶತಮಾನದ್ದು. ಜಪಾನಿನ ಸರಕಿನ ಮೇಲೆ 1921ರವರೆಗೆ ‘ನಿಪ್ಪಾನ್’ ಎಂದೂ ಆಮೇಲೆ ‘ಜಪಾನ್’ ಎಂದೂ ಬರೆಯುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ 1952ರವರೆಗಿನ ಕೆಲವು ವಸ್ತುಗಳ ಮೇಲೆ ‘ಆಕ್ರಮಿತ ಜಪಾನ್’ ಎಂಬ ಅರ್ಥದ ಇಂಗ್ಲಿಷ್ ಬರಹವಿದೆ. ‘ನಮ್ಮ ಮುತ್ತಜ್ಜನ ಕಾಲದ್ದು’ ಎಂಬ ಮನೆಯ ಮಾತನ್ನು ಇಂಥ ಒಂದು ಸಾಲು ದೃಢಪಡಿಸಬಹುದು, ಇಲ್ಲವೇ ತಳ್ಳಿಹಾಕಬಹುದು.

ಸಹಿಗಳೂ ಕಾಲವನ್ನು ಹೇಳುತ್ತವೆ. ಫ್ರಾನ್ಸಿನ ಗಾಜಿನ ಕಲಾವಿದ ರೆನೆ ಲಾಲೀಕ್ 1945ರಲ್ಲಿ ತೀರಿಕೊಂಡರು. ಅವರ ಜೀವಿತಾವಧಿಯ ವಸ್ತುಗಳ ಮೇಲೆ ಸಾಮಾನ್ಯವಾಗಿ ‘ಆರ್. ಲಾಲೀಕ್’ ಎಂದಿರುತ್ತದೆ, ಆನಂತರದವುಗಳಲ್ಲಿ ಆ ‘ಆರ್’ ಅಕ್ಷರ ಇಲ್ಲ. ಆ ಒಂದು ಅಕ್ಷರದಿಂದ ಬೆಲೆ ಬಹಳ ಏರುತ್ತದೆ. ಆದ್ದರಿಂದಲೇ ಈಚಿನ ಗಾಜಿನ ಮೇಲೆ ‘ಆರ್’ ಕೆತ್ತಿ ಮಾರುವವರೂ ಇದ್ದಾರೆ. ಸಹಿ ಇದೆ ಎಂಬುದು ವಿಚಾರಣೆಯ ಆರಂಭವಾಗಬೇಕು, ತೀರ್ಪಾಗಬಾರದು.

1764ರಲ್ಲಿ ಆರಂಭವಾದ ಬಕರಾ ಎಂಬ ಫ್ರೆಂಚ್ ಗಾಜಿನ ಕಾರ್ಖಾನೆಯದು ಇನ್ನೊಂದು ಬಗೆ. 1936ರಿಂದ ಅದು ತನ್ನ ಗಾಜಿನ ತಳದಲ್ಲಿ ಆಮ್ಲದಿಂದ ಕೊರೆದ ಪುಟ್ಟ ವೃತ್ತಾಕಾರದ ಗುರುತನ್ನು ಹಾಕುತ್ತ ಬಂದಿದೆ. ವೃತ್ತದೊಳಗೆ ಒಂದು ಹೂಜಿ, ಅದರ ಅಕ್ಕಪಕ್ಕದಲ್ಲಿ ಲೋಟಗಳು. ನೇರವಾಗಿ ನೋಡಿದರೆ ಅದು ಕಾಣುವುದೇ ಇಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಮಂಜು ಹಿಡಿದಂಥ ಒಂದು ಬೊಟ್ಟು ಮೂಡುತ್ತದೆ. ಅದಕ್ಕಿಂತ ಹಿಂದೆ ಕಾಗದದ ಚೀಟಿ ಅಂಟಿಸುತ್ತಿದ್ದುದರಿಂದ, ತೊಳೆದೂ ತೊಳೆದೂ ಚೀಟಿ ಹೋದ ಅಸಲಿ ವಸ್ತುಗಳೂ ಇವೆ. ಗುರುತು ಇಲ್ಲ ಎಂದ ಮಾತ್ರಕ್ಕೆ ನಕಲಿ ಎನ್ನಲಾಗದು.

ಕುದುರೆ ಚಿತ್ರದ ಪಿಂಗಾಣಿ ತಟ್ಟೆ

ಜನ ಹೆಚ್ಚು ಕೇಳುವ ಹೆಸರು ಎರ್ಮೆಸ್ (Hermès). 1837ರಲ್ಲಿ ಪ್ಯಾರಿಸಿನಲ್ಲಿ ಕುದುರೆ ಸಜ್ಜು ಮಾಡುವ ಕಾರ್ಯಾಗಾರವಾಗಿ ಹುಟ್ಟಿದ ಸಂಸ್ಥೆ ಅದು. ಅದರ ಪಿಂಗಾಣಿಯ ಮೇಲೆ ಕುದುರೆ, ಜೀನು, ಲಗಾಮಿನ ಚಿತ್ರಗಳು ಇಷ್ಟು ಕಾಣುವುದಕ್ಕೆ ಕಾರಣ ಆ ಮೂಲವೇ. ಇದರ ಆಯತಾಕಾರದ ಆಶ್‌ಟ್ರೇ ಸುಮಾರು 19 ಸೆಂಟಿಮೀಟರ್ ಉದ್ದ, 16 ಸೆಂಟಿಮೀಟರ್ ಅಗಲ ಇರುತ್ತದೆ. ಕೈಗೆತ್ತಿಕೊಂಡರೆ ಅಳತೆಗೆ ತಕ್ಕ ತೂಕವಿದೆ ಅನ್ನಿಸಬೇಕು.

ಅದನ್ನು ಮಗುಚಿ. ಬರಿಯ ಪಿಂಗಾಣಿಯ ಬದಲು ಮೆತ್ತನೆಯ ಮೇಕೆಯ ಚರ್ಮ ತಳಕ್ಕೆ ಅಂಟಿರುತ್ತದೆ, ಉಣ್ಣೆಯಂತೆ ನವಿರು. ಬೆರಳಾಡಿಸಿದ ಕಡೆ ಅದರ ಬಣ್ಣ ಒಂದು ಛಾಯೆ ಗಾಢವಾಗಿ, ಹಿಮ್ಮುಖವಾಗಿ ಸವರಿದರೆ ತಿಳಿಯಾಗಿ ಕಾಣುತ್ತದೆ. ನಕಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಕೇರಂ ಸ್ಟ್ರೈಕರ್ ಡಬ್ಬಿಗೆ ಹಾಕುವಂಥ ಒರಟು ಫೆಲ್ಟ್ ಬಟ್ಟೆ. ಚರ್ಮದ ಅಂಚು ಪಿಂಗಾಣಿಯ ಪಾದಕ್ಕೆ ಸರಿಯಾಗಿ ಕೂಡಿದೆಯೇ, ಎಲ್ಲಾದರೂ ಅಂಟು ಹೊರಚೆಲ್ಲಿದೆಯೇ ನೋಡಿ. ಸಂಸ್ಥೆಯ ಹೆಸರಿನ ಅಕ್ಷರಗಳು ಒಂದೇ ದಪ್ಪದಲ್ಲಿ, ಸಮ ಅಂತರದಲ್ಲಿ ಇರಬೇಕು. ಹೆಸರಿನ ಎರಡನೆಯ ‘ಇ’ ಅಕ್ಷರದ ನೆತ್ತಿಯಲ್ಲಿ ಫ್ರೆಂಚ್ ಲಿಪಿಯ ಒಂದು ಪುಟ್ಟ ಓರೆಗೆರೆ ಇರುತ್ತದೆ. ನಕಲು ಮಾಡುವವರು ಅದನ್ನು ಎಷ್ಟೋ ಬಾರಿ ಮರೆಯುತ್ತಾರೆ ಅಥವಾ ತಪ್ಪು ದಿಕ್ಕಿಗೆ ಎಳೆಯುತ್ತಾರೆ.

ಈಗ ಮೇಲ್ಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಅಸಲಿಯಲ್ಲಿ ಬಣ್ಣಗಳನ್ನು ಒಂದರ ಮೇಲೊಂದು ಅಚ್ಚಿನಿಂದ ಕೂರಿಸಿ ಸುಟ್ಟಿರುತ್ತಾರೆ, ಅಂಚಿನ ಗೆರೆಯನ್ನು ಕೈಯಿಂದ ಬಳಿದಿರುತ್ತಾರೆ. ಹಾಗಾಗಿ ಅಂಚಿನ ಪಟ್ಟಿಯಲ್ಲಿ ಕುಂಚದ ಅತಿ ಸಣ್ಣ ಏರುಪೇರು ಇರುತ್ತದೆ. ಅಗ್ಗದ ನಕಲಿನಲ್ಲಿ ಚಿತ್ರವೆಲ್ಲ ದಿನಪತ್ರಿಕೆಯ ಬಣ್ಣದ ಫೋಟೊದಂತೆ ಕ್ರಮಬದ್ಧ ಚುಕ್ಕೆಗಳ ಬಲೆಯಾಗಿ ಒಡೆದುಕೊಳ್ಳುತ್ತದೆ, ಚಿನ್ನದ ಅಂಚು ಹಿತ್ತಾಳೆಯ ಹಳದಿಗೆ ತಿರುಗಿರುತ್ತದೆ.

ಇಂಥ ಒಂದು ಅಸಲಿ ಆಶ್‌ಟ್ರೇ ಒಳ್ಳೆಯ ಸ್ಥಿತಿಯಲ್ಲಿದ್ದರೆ, ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಹತ್ತಾರು ಸಾವಿರ ರೂಪಾಯಿ ಬೆಲೆ ಬಾಳುತ್ತದೆ. ಕಿತ್ತಳೆ ಬಣ್ಣದ ಮೂಲ ಪೆಟ್ಟಿಗೆ ಜೊತೆಗಿದ್ದರೆ ಇನ್ನಷ್ಟು. ಆದರೆ ಪೆಟ್ಟಿಗೆಯನ್ನೂ ಬೇರೆಯಾಗಿ ಮಾರುವವರಿದ್ದಾರೆ ಎಂಬುದು ನೆನಪಿರಲಿ.

ಹೆಸರು ದೊಡ್ಡದಾದ ಮಾತ್ರಕ್ಕೆ ಬೆಲೆಯೂ ದೊಡ್ಡದಾಗಬೇಕಿಲ್ಲ. 1759ರಲ್ಲಿ ಸ್ಥಾಪನೆಯಾದ ಇಂಗ್ಲೆಂಡಿನ ವೆಜ್‌ವುಡ್ ಕಾರ್ಖಾನೆಯ, ಮಾಸಲು ನೀಲಿಯ ಮೇಲೆ ಬಿಳಿಯ ಗ್ರೀಕ್ ಆಕೃತಿಗಳಿರುವ ಆಶ್‌ಟ್ರೇಗಳು ಮೈಸೂರಿನ ಹಳೆಯ ಮನೆಗಳಲ್ಲಿ ಕಾಣುವ ಬಗೆ. ಅಸಲಿಯೇ, ಚಂದವೇ, ಆದರೆ ಅಪಾರ ಸಂಖ್ಯೆಯಲ್ಲಿ ತಯಾರಾದದ್ದರಿಂದ ಹೆಚ್ಚಿನವಕ್ಕೆ ಸಿಗುವುದು ಸಾಧಾರಣ ಬೆಲೆ. ಮಿಲಾನಿನ ಪಿಯೆರೊ ಫೋರ್ನಾಸೆಟ್ಟಿ ಒಪೆರಾ ಗಾಯಕಿ ಲೀನಾ ಕವಾಲಿಯೇರಿಯ ಮುಖವನ್ನು ನೂರಾರು ಬಗೆಯಲ್ಲಿ ಚಿತ್ರಿಸಿ ತಟ್ಟೆ, ಟ್ರೇಗಳ ಮೇಲೆ ತಂದರು. ಅವರು 1988ರಲ್ಲಿ ತೀರಿಕೊಂಡರೂ ಸಂಸ್ಥೆ ನಡೆಯುತ್ತಲೇ ಇದೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಅಸಲಿಯೇ ಎಂಬುದರ ಜೊತೆಗೆ ಯಾವ ಕಾಲದ್ದು ಎಂಬುದೂ ಹೌದು.

ಬೆಳ್ಳಿಯೋ, ಜರ್ಮನ್ ಸಿಲ್ವರೋ?

ಟ್ರೇಗಳ ವಿಷಯಕ್ಕೆ ಬಂದರೆ ನಮ್ಮಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಅರಿಸಿನ-ಕುಂಕುಮಕ್ಕೆ, ಗೃಹಪ್ರವೇಶದ ಉಡುಗೊರೆಗೆ ಜರ್ಮನ್ ಸಿಲ್ವರ್ ತಟ್ಟೆ ಕೊಳ್ಳುವುದು ಈಗ ವಾಡಿಕೆ. ಅದರಲ್ಲಿ ಬೆಳ್ಳಿ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಅದೇ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ತೆಳು ಲೇಪ ಕೊಡುವ ವಿಧಾನಕ್ಕೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸಂಸ್ಥೆ 1840ರಲ್ಲಿ ಪೇಟೆಂಟ್ ಪಡೆಯಿತು. ಅಜ್ಜಂದಿರ ಕಾಲದ ‘ಬೆಳ್ಳಿ’ ಟ್ರೇಗಳಲ್ಲಿ ದೊಡ್ಡ ಪಾಲು ಹೀಗೆ ಲೇಪ ಕೊಟ್ಟವು. ತಳದಲ್ಲಿ ‘ಇ.ಪಿ.ಎನ್.ಎಸ್.’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಲೇಪವೇ, ಸಂದೇಹ ಬೇಡ. ಒಂದೊಂದು ಅಕ್ಷರವನ್ನೂ ಒಂದೊಂದು ಪುಟ್ಟ ಗುರಾಣಿಯೊಳಗೆ ಒತ್ತಿ, ದೂರದಿಂದ ಬೆಳ್ಳಿಯ ಅಧಿಕೃತ ಮುದ್ರೆಯಂತೆಯೇ ಕಾಣುವ ಹಾಗೆ ಮಾಡಿರುತ್ತಾರೆ. ಕಣ್ಣು ಮೋಸಹೋಗುವುದು ಸಹಜ.

ಅಸಲಿ ಇಂಗ್ಲಿಷ್ ಬೆಳ್ಳಿಯ ಮುದ್ರೆಗಳು ಹೀಗಿರುತ್ತವೆ: ನಡೆಯುತ್ತಿರುವ ಸಿಂಹವಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ ಎಂದರ್ಥ. ಅದರ ಪಕ್ಕದಲ್ಲಿ ಪರೀಕ್ಷೆ ನಡೆದ ಊರಿನ ಗುರುತು. ಲಂಡನ್ನಿಗೆ ಚಿರತೆಯ ಮುಖ, ಬರ್ಮಿಂಗ್‌ಹ್ಯಾಮಿಗೆ ಲಂಗರು, ಶೆಫೀಲ್ಡಿಗೆ 1975ರವರೆಗೆ ಕಿರೀಟ. ಜೊತೆಗೆ ವರ್ಷವನ್ನು ಸೂಚಿಸುವ ಒಂದು ಅಕ್ಷರ, ತಯಾರಕರ ಹೆಸರಿನ ಮೊದಲಕ್ಷರಗಳು. ಆ ವರ್ಷಾಕ್ಷರದ ಪಟ್ಟಿ ಸುಲಭವಾಗಿ ಸಿಗುತ್ತದೆ. ಅದರಿಂದ ಟ್ರೇಯ ವಯಸ್ಸನ್ನು ಹೆಚ್ಚುಕಡಿಮೆ ವರ್ಷದ ಮಟ್ಟಿಗೆ ಹೇಳಬಹುದು. ಫ್ರೆಂಚ್ ಬೆಳ್ಳಿಯಾದರೆ 1838ರಿಂದ ಶಿರಸ್ತ್ರಾಣ ತೊಟ್ಟ ಮಿನರ್ವಾ ದೇವತೆಯ ತಲೆ ಇರುತ್ತದೆ. ಮದರಾಸಿನ ಪಿ. ಓರ್ ಅಂಡ್ ಸನ್ಸ್ (P. Orr & Sons) ಅಂಗಡಿಯ ಹೆಸರಿರುವ, ದೇವತೆಗಳ ಆಕೃತಿಗಳನ್ನು ಉಬ್ಬು ಕೆತ್ತಿದ ಹರಿವಾಣ ಸಿಕ್ಕರೆ ಅದನ್ನು ಯಾವ ಕಾರಣಕ್ಕೂ ಕರಗಿಸಲು ಕೊಡಬೇಡಿ. ಆ ‘ಸ್ವಾಮಿ’ ಕುಸುರಿಯ ವಸ್ತುಗಳಿಗೆ ಲೋಹದ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು ಕೊಡುವ ಸಂಗ್ರಾಹಕರಿದ್ದಾರೆ.

ಮುದ್ರೆ ಅರ್ಥವಾಗದಿದ್ದರೆ ಅಶೋಕ ರಸ್ತೆಯ ಯಾವುದಾದರೂ ಆಭರಣದ ಅಂಗಡಿಯಲ್ಲಿ ಲೋಹ ಪರೀಕ್ಷೆ ಮಾಡಿಸಬಹುದು. ಒಂದು ಎಚ್ಚರಿಕೆ: ಕ್ಷ-ಕಿರಣದ ಯಂತ್ರ ಓದುವುದು ಮೇಲ್ಮೈಯನ್ನು. ದಪ್ಪ ಲೇಪವಿದ್ದರೆ ಅದು ‘ಬೆಳ್ಳಿ’ ಎಂದೇ ಹೇಳಬಹುದು. ಮೂಲೆ, ಪಾದ, ಹಿಡಿಕೆಯ ಒಳಬದಿಯಂಥ ಸವೆದ ಕಡೆ ಪರೀಕ್ಷಿಸಲು ಕೇಳಿ. ಲೇಪ ಸವೆದಲ್ಲಿ ಹಳದಿ ಅಥವಾ ಬೂದು ಬಣ್ಣದ ಒಳಲೋಹ ಬರಿಗಣ್ಣಿಗೇ ಕಾಣುತ್ತದೆ.

ಲೆಕ್ಕ ಸರಳ. 400 ಗ್ರಾಂ ತೂಗುವ 925 ಗುಣಮಟ್ಟದ ಟ್ರೇಯಲ್ಲಿ 370 ಗ್ರಾಂ ಶುದ್ಧ ಬೆಳ್ಳಿ ಇದೆ. ಅದನ್ನು ಆ ದಿನದ ದರದಿಂದ ಗುಣಿಸಿದರೆ ಬರುವುದು ಟ್ರೇಯ ಕನಿಷ್ಠ ಬೆಲೆ. ಅಂಗಡಿಯವರು ಇದರಲ್ಲೂ ಕಳೆಯುತ್ತಾರೆ; ತಯಾರಕರ ಹೆಸರು, ವಯಸ್ಸು, ಕೆತ್ತನೆಗೆ ಅವರು ಏನೂ ಕೊಡುವುದಿಲ್ಲ, ಏಕೆಂದರೆ ಅವರಿಗೆ ಬೇಕಾದದ್ದು ಲೋಹ ಮಾತ್ರ. ಅದು ಅವರ ವ್ಯಾಪಾರದ ರೀತಿ, ಮೋಸವಲ್ಲ. ಇನ್ನು, ತಳ ಭಾರವಾಗಿರಲೆಂದು ಒಳಗೆ ಗಾರೆ ಅಥವಾ ಅರಗು ತುಂಬಿದ ವಸ್ತುಗಳಿರುತ್ತವೆ. ಅವುಗಳ ಒಟ್ಟು ತೂಕವನ್ನು ಬೆಳ್ಳಿಯ ತೂಕ ಎಂದುಕೊಳ್ಳಬಾರದು.

ಲೇಪವೆಂದರೆ ಬೆಲೆಯೇ ಇಲ್ಲ ಎಂದೂ ಅಲ್ಲ. ಪ್ಯಾರಿಸಿನ ಕ್ರಿಸ್ತೋಫ್ಲ್ ಸಂಸ್ಥೆ 1842ರಲ್ಲಿ ಎಲ್ಕಿಂಗ್ಟನ್ ವಿಧಾನದ ಹಕ್ಕು ಪಡೆದು ಬೆಳ್ಳಿ ಲೇಪದ ವಸ್ತುಗಳಿಂದಲೇ ಹೆಸರು ಮಾಡಿತು. ಕರಗಿಸಿದರೆ ಅದರ ಟ್ರೇಯಿಂದ ಕೈಗೆ ಬರುವುದು ಹೆಚ್ಚೇನಿಲ್ಲ; ಇಡಿಯಾಗಿ ಮಾರಿದರೆ ಒಳ್ಳೆಯ ಹಣವೇ ಬರುತ್ತದೆ.

ಹೆಸರು ಕೆತ್ತಿದ ಟ್ರೇಯಲ್ಲಿ ಆ ಬರಹವನ್ನು ಉಜ್ಜಿಸಿ ತೆಗೆಸುವ ಯೋಚನೆ ಬೇಡ. ತೆಗೆಸಿದ ಜಾಗ ತೆಳುವಾಗುತ್ತದೆ. ಕೊಳ್ಳುವವರು ಟ್ರೇಯನ್ನು ಮುಖದ ಹತ್ತಿರ ಹಿಡಿದು ಒಮ್ಮೆ ಉಸಿರು ಬಿಡುತ್ತಾರೆ. ಆ ಆವಿ ಹರಡಿ ಆರುವಾಗ ಅಳಿಸಿದ ಅಕ್ಷರದ ನೆರಳೋ, ಬೆಸುಗೆಯ ಗೆರೆಯೋ ಒಂದು ಕ್ಷಣ ಕಾಣಿಸಿಕೊಳ್ಳುತ್ತದೆ. ಇಂಥ ನಿವೃತ್ತಿಯ ಬರಹ, ಪಂದ್ಯದ ಹೆಸರು, ವರ್ಷ ಇರುವ ಟ್ರೇ ತನ್ನ ಚರಿತ್ರೆಯನ್ನು ತಾನೇ ಹೇಳುತ್ತದೆ.

ಗಾಜು

ಒಳ್ಳೆಯ ಕ್ರಿಸ್ಟಲ್ ಗಾಜಿನಲ್ಲಿ ಸೀಸದ ಅಂಶ ಇರುವುದರಿಂದ ತೂಕ ಹೆಚ್ಚು, ಹೊಳಪಿನಲ್ಲಿ ಕಾಮನಬಿಲ್ಲಿನ ಬಣ್ಣಗಳು ಚಿಮ್ಮುತ್ತವೆ. ಕೈಯಿಂದ ಕೊರೆದ ಕೋನಗಳು ಬೆರಳಿಗೆ ಚೂಪಾಗಿ ತಾಗುತ್ತವೆ. ಅಚ್ಚಿಗೆ ಒತ್ತಿ ಮಾಡಿದ ಅಗ್ಗದ ಗಾಜಿನಲ್ಲಿ ಕೋನಗಳು ಮೊಂಡಾಗಿರುತ್ತವೆ, ಬದಿಯಲ್ಲಿ ಅಚ್ಚಿನ ಜೋಡಣೆಯ ಗೆರೆ ಇರುತ್ತದೆ. ಹಲವು ವರ್ಷ ಮೇಜಿನ ಮೇಲೆ ಎಳೆದಾಡಿದ ತಳದಲ್ಲಿ ಗೀರುಗಳು ಅಡ್ಡಾದಿಡ್ಡಿಯಾಗಿರುತ್ತವೆ. ಒಂದೇ ದಿಕ್ಕಿಗೆ ಸಾಲಾಗಿದ್ದರೆ ಯಾರೋ ಉಪ್ಪುಕಾಗದದಿಂದ ಉಜ್ಜಿ ಹಳೆಯದೆನ್ನಿಸಲು ಯತ್ನಿಸಿದ್ದಾರೆ.

ನಮ್ಮೂರಿನ ಬೀಟೆ ಟ್ರೇ, ಅದರೊಳಗಿನ ಬಿಳಿ ಚೂರು

ಮೈಸೂರಿನ ಬೀಟೆ ಮರದ ಕೆತ್ತುಹೂಡಿಕೆ ಕೆಲಸಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಕಪ್ಪುಗಂದು ಮರದಲ್ಲಿ ತಗ್ಗು ಕೊರೆದು, ಅದಕ್ಕೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಆನೆ, ದಸರಾ ಮೆರವಣಿಗೆ, ತೋಟ, ಹಳ್ಳಿಯ ದೃಶ್ಯಗಳನ್ನು ಮೂಡಿಸುವ ಕಲೆ ಅದು. ಹಳೆಯ ಟ್ರೇಗಳಲ್ಲಿ ಬಣ್ಣ ಹಚ್ಚಿದ ಚೂರುಗಳಿಗಿಂತ ಮರದ ಸಹಜ ಬಣ್ಣವನ್ನೇ ಆರಿಸಿ ಕೂರಿಸಿದ ಕೆಲಸಕ್ಕೆ ಬೆಲೆ ಹೆಚ್ಚು. ಬೆರಳಾಡಿಸಿದರೆ ಕೂಡಿಕೆಗಳು ತಾಗಬಾರದು; ಚೂರು ಎದ್ದಿದ್ದರೆ ಅಥವಾ ಉದುರಿದ್ದರೆ ಅದನ್ನು ಕಸುಬುದಾರರಿಂದಲೇ ಸರಿಪಡಿಸಬೇಕು.

ಈಗ ಬಹಳ ಗಮನಿಸಬೇಕಾದ ಸಂಗತಿ. ಹಳೆಯ ಮೈಸೂರು ಕೆಲಸದಲ್ಲಿ ಬಿಳಿಯ ಭಾಗಕ್ಕೆ ಆನೆಯ ದಂತವನ್ನು ಬಳಸುತ್ತಿದ್ದರು. ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಿನಲ್ಲಿ ಆ ಕೆಲಸವನ್ನು ಇಂದಿಗೂ ನೋಡಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು ನಿಷೇಧಿಸಿತು. 1991ರ ತಿದ್ದುಪಡಿ ಆಫ್ರಿಕಾದ ದಂತವನ್ನೂ ಸೇರಿಸಿತು. ಆಮೇಲೆ ಆ ಜಾಗಕ್ಕೆ ಪ್ಲಾಸ್ಟಿಕ್ ಬಂದಿತು. ಪ್ಲಾಸ್ಟಿಕ್ ಒಂದೇ ಸಮನೆ ಬಿಳಿಯಾಗಿರುತ್ತದೆ. ದಂತದಲ್ಲಿ ಸೂಕ್ಷ್ಮ ಎಳೆಗಳಿರುತ್ತವೆ, ಅಡ್ಡಸೀಳಿನಲ್ಲಿ ಒಂದನ್ನೊಂದು ಕತ್ತರಿಸುವ ಬಾಗುಗೆರೆಗಳು ಕಾಣುತ್ತವೆ. ದಂತ ಎಂದು ಸಂದೇಹ ಬಂದ ಟ್ರೇಯನ್ನು ಮಾರಾಟಕ್ಕೆ ಇಡಬೇಡಿ, ಫೋಟೊ ಹಾಕಿ ಬೆಲೆ ಕೇಳುವುದೂ ಬೇಡ. ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಕಾಡುಪ್ರಾಣಿಯ ಅಂಗದಿಂದ ಮಾಡಿದ ಆಶ್‌ಟ್ರೇಗಳಿಗೂ ಇದೇ ಮಾತು. ಬೇಟೆಯ ಪ್ರಾಣಿಗಳನ್ನು ಹದಮಾಡಿ ಉಳಿಸಿಕೊಡುವ ಕೆಲಸದಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆ ಜಗತ್ಪ್ರಸಿದ್ಧವಾಗಿತ್ತು. ಬೇಟೆಯ ಆ ಕಾಲದಲ್ಲಿ ಕಾಟಿಯ ಗೊರಸಿಗೆ, ಜಿಂಕೆಯ ಕೊಂಬಿಗೆ ಲೋಹದ ಬಟ್ಟಲು ಕೂರಿಸಿದ ಆಶ್‌ಟ್ರೇಗಳು ಫ್ಯಾಷನ್ ಆಗಿದ್ದವು. ಅವು ನಮ್ಮ ಭಾಗದ ಹಳೆಯ ಮನೆಗಳಲ್ಲಿ ಇಂದಿಗೂ ಸಿಗುತ್ತವೆ. ಹೊರದೇಶದ ಹರಾಜಿನಲ್ಲಿ ಅಂಥವುಗಳಿಗೆ ಬಂದ ಬೆಲೆಯನ್ನು ನೋಡಿ ಯಾರೂ ಆಸೆಪಡಬಾರದು. ಇಲ್ಲಿ ಅವನ್ನು ಮಾರುವುದು ಅಪರಾಧ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಲಾಕೆಟ್ ಪ್ರಕರಣ ರಾಜ್ಯದ ತುಂಬ ಸುದ್ದಿಯಾದಾಗ, ಮನೆಯಲ್ಲಿ ತಲೆಮಾರಿನಿಂದ ಇದ್ದ ವಸ್ತುವೂ ಕಾನೂನಿನ ಕಣ್ಣಿಗೆ ಬೀಳಬಹುದು ಎಂಬುದು ಹಲವರಿಗೆ ಮನದಟ್ಟಾಯಿತು.

ಬಿದರಿ ಆಶ್‌ಟ್ರೇಗಳೂ ಮೈಸೂರು, ಮಂಡ್ಯದ ಮನೆಗಳಲ್ಲಿ ಅಪರೂಪವಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯ ತಂತಿ, ತಗಡನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡಿದ ಕೆಲಸ ಅದು. ಅದನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ಕಪ್ಪೇ ಹೋಗುತ್ತದೆ. ಕಪ್ಪು ಹೋದರೆ ಬೆಲೆಯೂ ಹೋಯಿತು.

ಗಂಡಭೇರುಂಡ ಇದ್ದರೆ ಅರಮನೆಯದೇ? ಮೈಸೂರಿನಲ್ಲಿ ಈ ಪ್ರಶ್ನೆ ಬಾರದೆ ಇರುವುದಿಲ್ಲ. ಗಂಡಭೇರುಂಡ ಒಡೆಯರ ಲಾಂಛನವಾಗಿದ್ದಂತೆಯೇ ಇಂದಿನ ಕರ್ನಾಟಕ ಸರ್ಕಾರದ ಲಾಂಛನದಲ್ಲೂ ಇದೆ. ಹಾಗಾಗಿ ಆ ಗುರುತಿರುವ ಟ್ರೇ ಅತಿಥಿಗೃಹದ್ದಾಗಿರಬಹುದು, ಯಾವುದೋ ಸಮಾರಂಭದ ಸ್ಮರಣಿಕೆಯಾಗಿರಬಹುದು, ಪ್ರವಾಸಿಗರಿಗೆಂದು ಮಾಡಿದ್ದಾಗಿರಬಹುದು. ಅರಮನೆಯ ನಂಟನ್ನು ಸಾಧಿಸಲು ಪತ್ರ, ರಸೀದಿ, ಹಳೆಯ ಫೋಟೊದಂಥ ಪುರಾವೆ ಬೇಕು. ಬಾಯಿಮಾತಿಗೆ ಕೊಳ್ಳುವವರು ಹಣ ಕೊಡುವುದಿಲ್ಲ.

ಆನೆಮರಿಗೆ ಬದಲಾಗಿ ಬಂದ ಆಶ್‌ಟ್ರೇ

ಭಾರತಕ್ಕೆ ಸಂಬಂಧಿಸಿದ ಆಶ್‌ಟ್ರೇಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ 1967ರಲ್ಲಿ ಏರ್ ಇಂಡಿಯಾಕ್ಕಾಗಿ ರೂಪಿಸಿದ್ದು. ಫ್ರಾನ್ಸಿನ ಲಿಮೋಜ್ ಪಿಂಗಾಣಿಯಲ್ಲಿ ಸುಮಾರು 500 ಮಾತ್ರ ತಯಾರಾದವು. ಆಯ್ದ ಪ್ರಯಾಣಿಕರಿಗೆ ಉಡುಗೊರೆಯಾಗಿ ಹೋದವು. ಚಿಪ್ಪಿನಾಕಾರದ ಬಟ್ಟಲು, ಅದರ ಅಂಚಿಗೆ ಸುತ್ತಿದ ಹಾವು, ಕೆಳಗೆ ಆಧಾರವಾಗಿ ಆನೆ ಮತ್ತು ಹಂಸದ ಆಕೃತಿಗಳು. ತಲೆಕೆಳಗು ಮಾಡಿದರೆ ಹಂಸ ಆನೆಯ ತಲೆಯಾಗಿ ತೋರುತ್ತದೆ. ಸಂಭಾವನೆಯಾಗಿ ಡಾಲಿ ಕೇಳಿದ್ದು ಒಂದು ಆನೆಮರಿ. ಅದನ್ನು ಬೆಂಗಳೂರಿನಿಂದ ವಿಮಾನದಲ್ಲಿ ಜಿನೀವಾಕ್ಕೆ, ಅಲ್ಲಿಂದ ರಸ್ತೆಯಲ್ಲಿ ಸ್ಪೇನಿನ ಕಡಕೇಸ್ ಊರಿಗೆ ಒಯ್ದರು.

ಈ ಕಥೆಯಿಂದಾಗಿ ಮನೆಯಲ್ಲಿರುವ ಏರ್ ಇಂಡಿಯಾದ ಯಾವುದೇ ಆಶ್‌ಟ್ರೇಯನ್ನು ಡಾಲಿಯದೆಂದು ತಿಳಿಯುವವರಿದ್ದಾರೆ. ಆ ಸಂಸ್ಥೆಯ ಗುರುತಾದ ‘ಮಹಾರಾಜ’ ಗೊಂಬೆಯ ಚಿತ್ರವಿರುವ ಸಾಮಾನ್ಯ ಆಶ್‌ಟ್ರೇಗಳು ಬೇರೆ. ಅವಕ್ಕೂ ಗಿರಾಕಿಗಳಿದ್ದಾರೆ, ಆದರೆ ಬೆಲೆಯ ಅಂತರ ಅಗಾಧ.

ಬೆಲೆ ಕಟ್ಟುವುದು

ಒಂದೇ ವಸ್ತುವಿಗೆ ಒಂದೇ ಸಮಯದಲ್ಲಿ ಮೂರು ಬೆಲೆಗಳಿರುತ್ತವೆ ಎಂಬುದನ್ನು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಅಂಗಡಿಯವರು ಗ್ರಾಹಕರಿಗೆ ಮಾರುವ ಬೆಲೆ ಒಂದು. ಹರಾಜಿನಲ್ಲಿ ಅಥವಾ ನೇರವಾಗಿ ಕೊಳ್ಳುವವರಿಂದ ಸಿಗುವ ಬೆಲೆ ಅದಕ್ಕಿಂತ ಕಡಿಮೆ. ಮರುಮಾರಾಟಗಾರರು ಕೂಡಲೇ ಕೈಗೆ ಕೊಡುವ ನಗದು ಎಲ್ಲಕ್ಕಿಂತ ಕಡಿಮೆ. ಜಾಲತಾಣದಲ್ಲಿ ಕಾಣುವುದು ಸಾಮಾನ್ಯವಾಗಿ ಮೊದಲನೆಯದು, ಅದೂ ಮಾರಾಟಗಾರರು ಕೇಳುತ್ತಿರುವ ಬೆಲೆ. ಕೇಳಿದ್ದೆಲ್ಲ ಸಿಗುವುದಿಲ್ಲ. ‘ಮಾರಾಟವಾಗಿದೆ’ ಎಂಬ ಗುರುತಿರುವ ಫಲಿತಾಂಶಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಹರಾಜಿನ ಬೆಲೆಯಾದರೆ ಅದರಲ್ಲಿ ಕೊಂಡವರು ಹರಾಜು ಸಂಸ್ಥೆಗೆ ಕೊಟ್ಟ ಶುಲ್ಕ ಸೇರಿದೆಯೇ ನೋಡಿ; ಅದು ಮಾರಿದವರ ಕೈಸೇರುವ ಹಣವಲ್ಲ.

ಆಮೇಲೆ ಸ್ಥಿತಿ. ಪಿಂಗಾಣಿಯಲ್ಲಿ ಒಂದು ಮುಕ್ಕು ಅಥವಾ ಕೂದಲೆಳೆಯ ಬಿರುಕು ಬೆಲೆಯನ್ನು ಅರ್ಧಕ್ಕೂ ಕೆಳಗೆ ಇಳಿಸಬಲ್ಲದು. ಅಂಗೈ ಮೇಲಿಟ್ಟು ಉಗುರಿನಿಂದ ಮೆಲ್ಲಗೆ ತಟ್ಟಿ: ಗಟ್ಟಿಯಾದ ಪಿಂಗಾಣಿ ಠಣ್ಣೆನ್ನುತ್ತದೆ, ಬಿರುಕಿದ್ದದ್ದು ಮಂಕಾಗಿ ಸದ್ದು ಮಾಡುತ್ತದೆ, ತಳಕ್ಕೆ ಚರ್ಮ ಅಂಟಿಸಿದವುಗಳಿಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ. ಕತ್ತಲಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಬಿಟ್ಟರೆ ಅಂಟಿಸಿ ಬಣ್ಣ ಹಚ್ಚಿದ ಭಾಗ ಸುತ್ತಲಿನದಕ್ಕಿಂತ ಬೇರೆಯಾಗಿ ಹೊಳೆಯುತ್ತದೆ. ಅಂಚಿನ ಚಿನ್ನ ಸವೆದಿದೆಯೇ, ನಡುವೆ ಸಿಗರೇಟಿನ ಸುಟ್ಟ ಕಲೆ ಉಳಿದಿದೆಯೇ ಎಂಬುದೂ ಮುಖ್ಯ. ಒಮ್ಮೆಯೂ ಬಳಸದ ಆಶ್‌ಟ್ರೇಗೆ ಹೆಚ್ಚು ಬೆಲೆ. ಧೂಮಪಾನ ಮಾಡದ ನಮ್ಮ ಹಿರಿಯರು ಉಡುಗೊರೆಯಾಗಿ ಬಂದದ್ದನ್ನು ಹಾಗೇ ಶೋಕೇಸಿನಲ್ಲಿಟ್ಟದ್ದು ಇಲ್ಲಿ ಲಾಭವೇ ಆಗಿದೆ.

ಮಾರುವ ಮುನ್ನ ತೊಳೆದು ಬೆಳಗುವ ಆತುರ ಒಳ್ಳೆಯದಲ್ಲ. ವಿಭೂತಿ, ಟೂತ್‌ಪೇಸ್ಟ್, ಹುಣಸೆಹಣ್ಣು ಯಾವುದೂ ಬೇಡ. ಗಾಜು, ಪಿಂಗಾಣಿಯನ್ನು ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಚರ್ಮದ ತಳಕ್ಕೆ ನೀರು ತಾಗಿಸಬಾರದು. ಬೆಳ್ಳಿಯ ಕೆತ್ತನೆಯ ಸಂದುಗಳಲ್ಲಿ ಕುಳಿತ ಕಪ್ಪನ್ನು ಸಂಗ್ರಾಹಕರು ಇಷ್ಟಪಡುತ್ತಾರೆ, ಅದರಿಂದಲೇ ಕುಸುರಿ ಎದ್ದು ಕಾಣುವುದು. ಹಳೆಯ ಚೀಟಿ, ಪೆಟ್ಟಿಗೆ, ರಸೀದಿ ಏನಿದ್ದರೂ ಜೊತೆಗಿಡಿ.

ಬೆಲೆ ಕೇಳಲು ಕಳಿಸುವ ಫೋಟೊಗಳಲ್ಲಿ ಮೇಲ್ಭಾಗ, ತಳ, ಮುದ್ರೆಯ ಹತ್ತಿರದ ನೋಟ, ಪ್ರತಿಯೊಂದು ಊನ ಇವೆಲ್ಲ ಹಗಲು ಬೆಳಕಿನಲ್ಲಿ ಸ್ಪಷ್ಟವಾಗಿರಲಿ. ಅಳತೆ, ತೂಕವನ್ನೂ ಬರೆಯಿರಿ. ಒಬ್ಬರೇ ಖರೀದಿದಾರರ ಮಾತನ್ನು ಬೆಲೆಯೆಂದು ನಂಬದೆ ಕನಿಷ್ಠ ಇಬ್ಬರು ಮೂವರನ್ನು ಕೇಳಿ. ಹೊರದೇಶಕ್ಕೆ ಕಳಿಸುವುದಾದರೆ ಇನ್ನೊಂದು ಕಾಯ್ದೆ ಇದೆ: 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ಅಥವಾ ಅದಕ್ಕಿಂತ ಹಳೆಯ ಕಲಾಕೃತಿ, ಕರಕುಶಲ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ವಯಸ್ಸಿನ ಬಗ್ಗೆ ಸಂದೇಹವಿದ್ದರೆ, ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದ ಮೇಲೆಯೇ ಕೊರಿಯರ್‌ಗೆ ಕೊಡಬೇಕು.